ಕೈಗೆಟುಕದ ಆಯಿಲ್ ಫಿಲ್ಟರ್, ಕಾಲುವೆಗೆ ಇಳಿಯುವ ಕರಿ ಎಣ್ಣೆ

ಮಾನ್ಯ ಸಂಪಾದಕರೇ,

ಕಾರಟಗಿಯಲ್ಲಿ ನೆಲೆಸಿ, ಗಂಗಾವತಿ ಮತ್ತು ಸಿಂಧನೂರು ಮಾರ್ಗದಲ್ಲಿ ಭತ್ತ, ಅಕ್ಕಿ, ರಸಗೊಬ್ಬರದ ಚೀಲಗಳನ್ನು ಸಾಗಿಸುವ ಪಿಕಪ್ ಗಾಡಿಯೊಂದರ ಮಾಲೀಕನೂ ಚಾಲಕನೂ ಆಗಿ ನಾನು ಹನ್ನೊಂದು ವರ್ಷಗಳಿಂದ ದುಡಿಯುತ್ತಿದ್ದೇನೆ. ಈ ಪತ್ರದ ವಿಷಯ ಓದುಗರಿಗೆ ತೀರ ಸಣ್ಣದಾಗಿ ಕಾಣಬಹುದು. ಎಂಜಿನ್ನಿನ ಆಯಿಲ್ ಫಿಲ್ಟರ್, ಅಂದರೆ ಎಣ್ಣೆ ಸೋಸುವ ತಗಡಿನ ಡಬ್ಬಿ, ಗಾಡಿಯ ಯಾವ ಮೂಲೆಯಲ್ಲಿರಬೇಕು ಎಂಬುದಷ್ಟೇ ಆ ವಿಷಯ. ಆದರೆ ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳಲ್ಲಿ ಬಾಡಿಗೆಗೆ ಓಡುವ ಪಿಕಪ್ಪುಗಳ ಎಂಜಿನ್ ಬಾಳಿಕೆಗೂ, ರಸ್ತೆ ಬದಿಯ ಗ್ಯಾರೇಜುಗಳ ಮುಂದಿನ ನೆಲ ಕಪ್ಪಾಗಿರುವುದಕ್ಕೂ, ಮಳೆ ಬಂದಾಗ ಆ ಕಪ್ಪು ಚರಂಡಿ ಹಿಡಿದು ಕಾಲುವೆಗೆ ಇಳಿಯುವುದಕ್ಕೂ ಆ ಮೂಲೆಯೇ ಬಹುಪಾಲು ಕಾರಣ ಎಂಬುದು ನನ್ನ ಅನುಭವವಾದ್ದರಿಂದ ಇದನ್ನು ತಮ್ಮ ಗಮನಕ್ಕೆ ತರುತ್ತಿದ್ದೇನೆ.

ನನ್ನ ಗಾಡಿಯಲ್ಲಿ ಕಂಪನಿಯವರು ಫಿಲ್ಟರನ್ನು ಎಂಜಿನ್ನಿನ ಎಡ ಮಗ್ಗುಲಿಗೆ, ಮುಂದಿನ ಅಡ್ಡಪಟ್ಟಿಗೂ ಸ್ಟೇರಿಂಗ್ ರಾಡಿಗೂ ನಡುವೆ ಅಡ್ಡಡ್ಡವಾಗಿ ಕೂರಿಸಿದ್ದರು. ಬಾನೆಟ್ ಎತ್ತಿದರೆ ಅದು ಕಾಣುತ್ತದೆ, ಕೈಗೆ ಸಿಗುವುದಿಲ್ಲ. ಕೆಳಗೆ ಮಲಗಿ ತೋಳು ತೂರಿಸಿದರೆ ಕೈಗೆ ಸಿಗುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಪಾನಾ ತಿರುಗಿಸಲು ಜಾಗವಿಲ್ಲದ ಕಾರಣ ನಮ್ಮ ಕಡೆಯ ಬಹುತೇಕ ಮೇಸ್ತ್ರಿಗಳು ಉದ್ದನೆಯ ಸ್ಕ್ರೂಡ್ರೈವರನ್ನು ಫಿಲ್ಟರಿನ ಹೊಟ್ಟೆಗೆ ಸುತ್ತಿಗೆಯಿಂದ ಹೊಡೆದು ತೂರಿಸಿ, ಅದನ್ನೇ ಹಿಡಿಕೆ ಮಾಡಿಕೊಂಡು ತಿರುಗಿಸುತ್ತಾರೆ. ಸಡಿಲವಾದರೆ ಪುಣ್ಯ. ಆಗದಿದ್ದರೆ ತೆಳ್ಳನೆಯ ತಗಡು ಉದ್ದಕ್ಕೆ ಸೀಳಿ, ಡಬ್ಬಿ ಕೈಗೆ ಬಂದು, ಥ್ರೆಡ್ ಇರುವ ತಟ್ಟೆ ಮಾತ್ರ ಎಂಜಿನ್ನಿಗೆ ಅಂಟಿಕೊಂಡು ಉಳಿಯುತ್ತದೆ. ನನ್ನ ಗಾಡಿಗೆ ಹೀಗಾದ ದಿನ ಆ ತಟ್ಟೆಯನ್ನು ಉಳಿಯಿಂದ ಬಡಿದು ಬಡಿದು ತಿರುಗಿಸುವುದರಲ್ಲೇ ಮಧ್ಯಾಹ್ನ ಕಳೆಯಿತು, ಸಂಜೆಯ ಬಾಡಿಗೆ ತಪ್ಪಿತು. ಸರಾಗವಾಗಿ ಬಿಚ್ಚಿಕೊಂಡ ದಿನವೂ ಅಡ್ಡ ಮಲಗಿದ ಡಬ್ಬಿಯೊಳಗಿನ ಎಣ್ಣೆ ಮೊದಲು ಸ್ಟೇರಿಂಗ್ ರಾಡಿನ ಮೇಲೆ, ಅಲ್ಲಿಂದ ಅಡ್ಡಪಟ್ಟಿಯ ಮೇಲೆ, ಕೊನೆಗೆ ಕೆಳಗೆ ಮಲಗಿದವನ ಅಂಗೈಯಿಂದ ಮೊಣಕೈವರೆಗೆ ಬಿಸಿಬಿಸಿಯಾಗಿ ಇಳಿಯುತ್ತದೆ. ಹಳೆಯ ಎಣ್ಣೆ ಬಸಿಯಲು ಬಿಚ್ಚುವ ಡ್ರೇನ್ ಬೋಲ್ಟಿನ ಕೆಳಗೆ ಇಟ್ಟ ಬೋಗುಣಿಗೆ ಅದರಲ್ಲಿ ಬೀಳುವುದು ಅರ್ಧದಷ್ಟೂ ಇಲ್ಲ.

ವಯಸ್ಸಿನಲ್ಲಿ ನನಗಿಂತ ಬಹಳ ಹಿರಿಯರಾದ ನಮ್ಮ ಮೇಸ್ತ್ರಿಯವರು ಒಮ್ಮೆ ಗಾಡಿಯ ಕೆಳಗಿನಿಂದ ಹೊರಬಂದು ತೋಳು ಒರೆಸಿಕೊಳ್ಳುತ್ತ, "ಗಾಡಿ ಮಾಡಿದವ್ರು ಎಂಜಿನ್ ನೋಡ್ಯಾರಪ್ಪ, ಆಯಿಲ್ ಬದಲಿ ಮಾಡೋನ ಕೈ ನೋಡಿಲ್ಲ" ಎಂದಿದ್ದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು.

ಈ ತೊಂದರೆಯಿಂದ ಆಗುವ ನಿಜವಾದ ನಷ್ಟ ಕೈ ಕೊಳೆಯಾಗುವುದಲ್ಲ. ಕೆಲಸ ಕಷ್ಟವಾದಷ್ಟೂ ಅದನ್ನು ಮುಂದಕ್ಕೆ ಹಾಕುತ್ತೇವೆ. "ಈ ಸಲ ಆಯಿಲ್ ಮಾತ್ರ ಬದಲಿಸೋಣ, ಫಿಲ್ಟರ್ ಮುಂದಿನ ಸಲ" ಎಂಬ ಮಾತನ್ನು ಗ್ಯಾರೇಜಿನಲ್ಲಿ ಕೇಳದ, ಸ್ವತಃ ಆಡದ ಪಿಕಪ್ ಚಾಲಕನನ್ನು ನಾನು ಇನ್ನೂ ಕಂಡಿಲ್ಲ. ಫಿಲ್ಟರಿನೊಳಗೆ ನೆರಿಗೆ ಹಿಡಿದು ಮಡಚಿದ ಕಾಗದವಿದ್ದು, ಎಣ್ಣೆ ಅದರ ಹೊರಗಿನಿಂದ ಒಳಕ್ಕೆ ಸೋಸಿ ನಡುವಿನ ಕೊಳವೆಯ ಮೂಲಕ ಬೇರಿಂಗುಗಳಿಗೆ ಹೋಗುತ್ತದೆ. ಮಸಿ ಮತ್ತು ಲೋಹದ ಪುಡಿಯಿಂದ ಆ ಕಾಗದ ಕಟ್ಟಿಕೊಂಡಾಗ ಎಂಜಿನ್ ಎಣ್ಣೆಯಿಲ್ಲದೆ ಸಾಯಬಾರದೆಂದು ಒಂದು ಬೈಪಾಸ್ ವಾಲ್ವ್ ತೆರೆದುಕೊಂಡು, ಸೋಸದ ಎಣ್ಣೆಯನ್ನೇ ಒಳಕ್ಕೆ ಬಿಡುತ್ತದೆ. ಅಂದರೆ ಫಿಲ್ಟರ್ ಕಟ್ಟಿದ ಗಾಡಿ ನಿಲ್ಲುವುದಿಲ್ಲ, ದೀಪ ಹೊತ್ತುವುದಿಲ್ಲ, ಚಾಲಕನಿಗೆ ಏನೂ ತಿಳಿಯುವುದಿಲ್ಲ. ಬೇರಿಂಗ್ ಮಾತ್ರ ಸವೆಯುತ್ತಿರುತ್ತದೆ. ಸಂಡೂರು, ತೋರಣಗಲ್ಲು ಭಾಗದ ಕೆಂಪು ಅದಿರಿನ ಧೂಳಿನಲ್ಲಿ, ಗಿಣಿಗೇರಾ ಸುತ್ತಲಿನ ಕಾರ್ಖಾನೆಗಳ ಕಪ್ಪು ಧೂಳಿನಲ್ಲಿ, ಒಕ್ಕಣೆಯ ಕಾಲದಲ್ಲಿ ನಮ್ಮ ಗದ್ದೆ ದಾರಿಗಳ ಹೊಟ್ಟಿನಲ್ಲಿ ಓಡುವ ಗಾಡಿಗಳಿಗೆ ಫಿಲ್ಟರನ್ನು ಹೊತ್ತಿಗೆ ಸರಿಯಾಗಿ ಬದಲಿಸುವುದು ಬೆಂಗಳೂರಿನ ಡಾಂಬರು ರಸ್ತೆಯ ಗಾಡಿಗಿಂತ ಹೆಚ್ಚು ಅಗತ್ಯ. ಆದರೆ ಇಲ್ಲಿಯೇ ಅದನ್ನು ಹೆಚ್ಚು ತಪ್ಪಿಸುತ್ತಿದ್ದೇವೆ.

ಚೆಲ್ಲಿದ ಎಣ್ಣೆಯಿಂದ ಇನ್ನೊಂದು ಕೇಡೂ ಇದೆ. ಎಣ್ಣೆ ತಾಗಿದ ಅಡ್ಡಪಟ್ಟಿಯ ಮೇಲೆ ಧೂಳು ಕೂತು, ಎರಡು ತಿಂಗಳಲ್ಲಿ ಹೋಳಿಗೆಯ ದಪ್ಪದ ಒಂದು ಪದರ ಕಟ್ಟುತ್ತದೆ. ಆ ಮೇಲೆ ಎಂಜಿನ್ನಿನಲ್ಲಿ ನಿಜವಾಗಿಯೇ ಸೋರಿಕೆ ಶುರುವಾದರೂ ಇದು ಹಳೆಯ ಎಣ್ಣೆಯೋ ಹೊಸ ಎಣ್ಣೆಯೋ ಎಂದು ಗುರುತಿಸಲು ಯಾರಿಂದಲೂ ಆಗುವುದಿಲ್ಲ. ನನ್ನ ಗಾಡಿಯ ಚೇಂಬರ್, ಅಂದರೆ ಎಂಜಿನ್ನಿನ ತಳದ ಎಣ್ಣೆ ತೊಟ್ಟಿಯ ಪ್ಯಾಕಿಂಗ್ ಸೋರುತ್ತಿದ್ದುದು ಈ ಪದರದ ಮರೆಯಲ್ಲಿ ಎಷ್ಟು ಕಾಲ ಇತ್ತೋ ಹೇಳಲಾರೆ. ಎಣ್ಣೆಯ ಮಟ್ಟ ನೋಡುವ ಗೇಜ್ ಕಡ್ಡಿ ಒಣಗಿದ ದಿನ ಗೊತ್ತಾಯಿತು.

ಗಾಡಿಯ ವಾರಂಟಿ ಮುಗಿದ ಮರು ವರ್ಷ ನಾನು ಫಿಲ್ಟರನ್ನು ಅಲ್ಲಿಂದ ಎಬ್ಬಿಸಿ ಬೇರೆಡೆ ಕೂರಿಸಿದೆ. ಇದರಲ್ಲಿ ನನ್ನ ಜಾಣತನವೇನೂ ಇಲ್ಲ. ಹೊರದೇಶಗಳಲ್ಲಿ ಪಿಕಪ್ ಇಟ್ಟುಕೊಂಡವರು ಬಹಳ ಕಾಲದಿಂದ ಮಾಡುತ್ತಿರುವ ಕೆಲಸ ಇದು, ಬೇಕಾದ ಸಾಮಾನೂ ಸಿದ್ಧವಾಗಿ ಸಿಗುತ್ತದೆ. ಫಿಲ್ಟರ್ ಇದ್ದ ಜಾಗಕ್ಕೆ ಎರಡು ಬಾಯಿಗಳುಳ್ಳ ಒಂದು ಅಡಾಪ್ಟರ್ ತಟ್ಟೆಯನ್ನು ಬಿಗಿಯಲಾಗುತ್ತದೆ. ಒಂದು ಬಾಯಿಯಿಂದ ಎಣ್ಣೆ ಹೋಸ್ ಪೈಪಿನ ಮೂಲಕ ಹೊರಬಂದು, ಅನುಕೂಲವಾದ ಜಾಗದಲ್ಲಿ ಬ್ರಾಕೆಟ್ಟಿಗೆ ಕಟ್ಟಿದ ಫಿಲ್ಟರ್ ಹೆಡ್ಡಿಗೆ, ಅಂದರೆ ಫಿಲ್ಟರನ್ನು ತಿರುಗಿಸಿ ಕೂರಿಸುವ ಹೊಸ ಬುಡಕ್ಕೆ ಹೋಗಿ, ಅಲ್ಲಿ ಸೋಸಿಕೊಂಡು, ಎರಡನೆಯ ಹೋಸಿನಲ್ಲಿ ಎಂಜಿನ್ನಿಗೆ ಮರಳುತ್ತದೆ. ನಾನು ತಟ್ಟೆ ಮತ್ತು ಹೆಡ್ಡನ್ನು ತರಿಸಿಕೊಂಡು, ಬ್ರಾಕೆಟ್ಟನ್ನು ಮಾತ್ರ ಇಲ್ಲಿಯೇ ಮಾಡಿಸಿದೆ. ಬಲ ಮುಂಚಕ್ರದ ಹಿಂದೆ, ಚಾಸಿಯ ಒಳಮಗ್ಗುಲಲ್ಲಿ, ಹೊಸ ತೂತು ಕೊರೆಯದೆ ಮೊದಲೇ ಇದ್ದ ತೂತುಗಳಿಗೆ ಬೋಲ್ಟ್ ಹಾಕಿ ಕೂರಿಸಿದ್ದೇನೆ. ಹೆಡ್ ಮೇಲೆ, ಫಿಲ್ಟರ್ ಅದರ ಕೆಳಗೆ ತೂಗುವ ಹಾಗೆ ಇರುವುದರಿಂದ, ಬಿಚ್ಚಿದಾಗ ಡಬ್ಬಿಯ ಬಾಯಿ ಆಕಾಶ ನೋಡುತ್ತಿರುತ್ತದೆ. ಒಳಗಿನ ಎಣ್ಣೆ ಲೋಟದಲ್ಲಿನ ನೀರಿನಂತೆ ಒಳಗೇ ಉಳಿಯುತ್ತದೆ. ಹೋಸಿನಲ್ಲಿ ಉಳಿದದ್ದು ಸ್ವಲ್ಪ ತೊಟ್ಟಿಕ್ಕುವುದರಿಂದ ಐದು ಲೀಟರಿನ ಹಳೆಯ ಆಯಿಲ್ ಕ್ಯಾನನ್ನು ಮಗ್ಗುಲಿಗೆ ಕತ್ತರಿಸಿ ಕೆಳಗೆ ಇಡುತ್ತೇನೆ. ಹೊಸ ಫಿಲ್ಟರಿಗೆ ಮೊದಲೇ ಎಣ್ಣೆ ತುಂಬಿಸಿ ತಿರುಗಿಸಬಹುದಾದ್ದರಿಂದ ಸ್ಟಾರ್ಟ್ ಮಾಡಿದಾಗ ಎಂಜಿನ್ ಒಣಗಿ ತಿರುಗುವ ಹೊತ್ತೂ ಕಡಿಮೆಯಾಗುತ್ತದೆ. ಎಲ್ಲ ಸೇರಿ ನನಗೆ ಆರೂವರೆ ಸಾವಿರ ರೂಪಾಯಿ ಖರ್ಚಾಯಿತು.

ಇಷ್ಟು ಓದಿ ಯಾರಾದರೂ ನಾಳೆಯೇ ಹೋಸ್ ಕೊಳ್ಳಲು ಹೊರಟಾರು ಎಂಬ ಅಂಜಿಕೆಯಿಂದ ನಾನು ಮಾಡಿದ ತಪ್ಪನ್ನೂ ಹೇಳಲೇಬೇಕು. ನಮ್ಮ ಭಾಗದಲ್ಲಿ ಭತ್ತ ಕೊಯ್ಯುವ ಯಂತ್ರಗಳಿಗೆ ಹೈಡ್ರಾಲಿಕ್ ಹೋಸ್ ಕತ್ತರಿಸಿ, ತುದಿಗೆ ಫಿಟ್ಟಿಂಗ್ ಒತ್ತಿ ಕೊಡುವ ಅಂಗಡಿಗಳು ಬೇಕಾದಷ್ಟಿವೆ. ಅಂಥ ಒಂದು ಅಂಗಡಿಯಲ್ಲಿ, ಎರಡು ತಂತಿ ಹೆಣಿಗೆಯ ದಪ್ಪ ಹೋಸ್ ತೋರಿಸಿ, ಕೊಯ್ಲು ಯಂತ್ರದ ಒತ್ತಡವನ್ನೇ ತಡೆಯುವುದಕ್ಕೆ ನಿಮ್ಮ ಪಿಕಪ್ಪಿನ ಒತ್ತಡ ಯಾವ ಲೆಕ್ಕ ಎಂದರು. ಒತ್ತಡದ ಮಾತು ನಿಜವೇ. ಓಡುವ ಎಂಜಿನ್ನಿನಲ್ಲಿ ಎಣ್ಣೆಯ ಒತ್ತಡ ಪ್ರತಿ ಚದರ ಸೆಂಟಿಮೀಟರಿಗೆ ಮೂರರಿಂದ ಐದು ಕಿಲೋ ಇದ್ದರೆ, ಆ ಹೋಸ್ ಅದರ ಎಷ್ಟೋ ಪಟ್ಟನ್ನು ತಾಳುತ್ತದೆ. ಆದರೆ ಸಾಮಾನ್ಯ ಹೈಡ್ರಾಲಿಕ್ ಹೋಸಿನ ರಬ್ಬರು ನಿಗದಿಯಾಗಿರುವುದು 100 ಡಿಗ್ರಿ ಸೆಲ್ಸಿಯಸ್‌ವರೆಗೆ ಮಾತ್ರ. ರಾಯಚೂರಿನ ಬೇಸಿಗೆಯಲ್ಲಿ, ಹೊರಗೆ 42 ಡಿಗ್ರಿ ಬಿಸಿಲು ಇರುವಾಗ, ಪೂರ್ತಿ ಲೋಡಿನಲ್ಲಿ ಏರು ಹತ್ತುವ ಎಂಜಿನ್ನಿನ ಎಣ್ಣೆ ಆ ಗಡಿಯನ್ನು ದಾಟುವುದು ಅಪರೂಪವಲ್ಲ. ಒಂದೂವರೆ ವರ್ಷಕ್ಕೆ ನನ್ನ ಹೋಸು ಕಟ್ಟಿಗೆಯಂತೆ ಬಿರುಸಾಗಿ, ಫಿಟ್ಟಿಂಗಿನ ಬುಡದಲ್ಲಿ ಬೆವರಲು ಶುರುವಾಯಿತು. ಅದು ಬೆವರಿದ್ದು ಕಣ್ಣಿಗೆ ಬಿದ್ದದ್ದಾದರೂ ಸುತ್ತಲಿನ ಲೋಹ ಒಣಗಿ ಸ್ವಚ್ಛವಾಗಿದ್ದುದರಿಂದ. ಹಳೆಯ ಧೂಳಿನ ಪದರ ಇದ್ದಿದ್ದರೆ ಹೋಸ್ ಒಡೆದ ಮೇಲೆಯೇ ತಿಳಿಯುತ್ತಿತ್ತು. ಆಮೇಲೆ ಒಳಗೆ ಟೆಫ್ಲಾನ್ ಪದರ, ಹೊರಗೆ ಸ್ಟೀಲ್ ತಂತಿಯ ಹೆಣಿಗೆ ಇರುವ ಹೋಸ್ ಹಾಕಿಸಿದ್ದೇನೆ. ಮೇಲೆ ಹೇಳಿದ ಖರ್ಚಿನಲ್ಲಿ ಈ ಎರಡನೆಯ ಜೊತೆ ಹೋಸಿನ ದುಡ್ಡು ಸೇರಿಲ್ಲ.

ಹೋಸ್ ಒಡೆಯುವುದೆಂದರೆ ಪಂಕ್ಚರ್ ಆದಂತಲ್ಲ. ಪಂಪು ಚೇಂಬರಿನಲ್ಲಿರುವ ಎಣ್ಣೆಯನ್ನೆಲ್ಲ ನೋಡನೋಡುತ್ತ ರಸ್ತೆಗೆ ಚೆಲ್ಲುತ್ತದೆ, ಕೆಂಪು ದೀಪ ಕಂಡು ತಕ್ಷಣ ಎಂಜಿನ್ ಆಫ್ ಮಾಡದಿದ್ದರೆ ಕ್ರ್ಯಾಂಕ್ ಹಿಡಿದುಬಿಡುತ್ತದೆ. ಬಿಸಿ ಸೈಲೆನ್ಸರಿನ ಮೇಲೆ ಎಣ್ಣೆ ಬಿದ್ದರೆ ಬೆಂಕಿಯ ಭಯವೂ ಇದೆ, ಹಿಂದೆ ಹುಲ್ಲಿನ ಲೋಡ್ ಇದ್ದರಂತೂ ಹೇಳುವುದೇ ಬೇಡ. ಆದ್ದರಿಂದ ಹೋಸ್ ಸೈಲೆನ್ಸರಿನಿಂದ ದೂರ ಹಾಯಬೇಕು, ಎಲ್ಲಿಯೂ ತಗಡಿನ ಅಂಚಿಗೆ ಉಜ್ಜಬಾರದು. ಎಂಜಿನ್ ಫೌಂಡೇಶನ್ ರಬ್ಬರಿನ ಮೇಲೆ ಕೂತು ಸದಾ ಅಲುಗಾಡುವಂಥದ್ದು, ಚಾಸಿ ಅಲುಗದಂಥದ್ದು. ಎರಡರ ನಡುವಿನ ಹೋಸನ್ನು ಬಿಗಿಯಾಗಿ ಎಳೆದು ಕಟ್ಟಿದರೆ ಅದು ತುದಿಯಲ್ಲಿ ಕಿತ್ತುಕೊಳ್ಳುವುದು ಖಚಿತ, ಕೊಂಚ ಸಡಿಲ ಬಿಡಲೇಬೇಕು.

ಇನ್ನೆರಡು ಸಂಗತಿಗಳಲ್ಲಿ ಮೇಸ್ತ್ರಿಗಳೂ ಎಡವುತ್ತಾರೆ. ಮೊದಲನೆಯದು ಒಳ ಬಾಯಿ, ಹೊರ ಬಾಯಿ ಅದಲುಬದಲಾಗುವುದು. ಫಿಲ್ಟರ್ ಬಾಯಿಯ ಸುತ್ತ ಇರುವ ಸಣ್ಣ ತೂತುಗಳ ಹಿಂದೆ ಎಣ್ಣೆ ಹಿಂದಿರುಗದಂತೆ ತಡೆಯುವ ರಬ್ಬರಿನ ಮುಚ್ಚಳವೊಂದಿರುತ್ತದೆ. ಹೋಸುಗಳು ತಿರುವುಮುರುವಾದರೆ ಎಣ್ಣೆ ನಡುವಿನಿಂದ ನುಗ್ಗಿ ಆ ಮುಚ್ಚಳವನ್ನು ಒಳಗಿನಿಂದ ಒತ್ತಿ ಮುಚ್ಚಿಬಿಡುತ್ತದೆ, ಎಂಜಿನ್ನಿಗೆ ಎಣ್ಣೆಯೇ ಹೋಗುವುದಿಲ್ಲ. ಬಿಚ್ಚುವ ಮೊದಲೇ ಬಣ್ಣದ ಟೇಪಿನಿಂದ ಗುರುತು ಹಾಕಿಕೊಳ್ಳುವುದಕ್ಕೆ ಒಂದು ನಿಮಿಷ ಸಾಕು. ಎರಡನೆಯದು ಥ್ರೆಡ್. ಫಿಲ್ಟರುಗಳಲ್ಲಿ ಮುಕ್ಕಾಲು ಇಂಚು ವ್ಯಾಸದ, ಇಂಚಿಗೆ 16 ಎಳೆಯ ಥ್ರೆಡ್ ಇರುವವೂ 20 ಮಿಲಿಮೀಟರಿನ ಒಂದೂವರೆ ಪಿಚ್ಚಿನವೂ ಇವೆ. ಎರಡರ ವ್ಯಾಸಕ್ಕೂ ವ್ಯತ್ಯಾಸ ಒಂದು ಮಿಲಿಮೀಟರಿನಷ್ಟೂ ಇಲ್ಲ. ಫಿಲ್ಟರ್ ಕೂರುವ ಥ್ರೆಡ್ಡಿನ ಕೊಳವೆ ಸಣ್ಣದಿದ್ದು, ಅದಕ್ಕೆ ದೊಡ್ಡ ಥ್ರೆಡ್ಡಿನ ಫಿಲ್ಟರ್ ಹಾಕಿದರೆ ಕೂತಂತೆ ಕೂತು ಒತ್ತಡಕ್ಕೆ ಕಳಚಿಕೊಳ್ಳಬಹುದು. ಕಣ್ಣಂದಾಜು ಇಲ್ಲಿ ಸಾಲದು, ಹಳೆಯ ಫಿಲ್ಟರನ್ನೇ ಅಂಗಡಿಗೆ ಒಯ್ದು ತಾಳೆ ನೋಡಬೇಕು. ಹಾಗೆಯೇ ಹಳೆಯ ಫಿಲ್ಟರಿನ ರಬ್ಬರ್ ರಿಂಗ್ ಎಂಜಿನ್ನಿಗೆ ಅಂಟಿಕೊಂಡು ಉಳಿದಿದೆಯೇ ಎಂದು ಬೆರಳಾಡಿಸಿ ನೋಡದೆ ತಟ್ಟೆ ಬಿಗಿದರೆ ಎರಡು ರಿಂಗ್ ಒಂದರ ಮೇಲೊಂದು ಕೂತು, ಸ್ಟಾರ್ಟ್ ಮಾಡಿದ ಕ್ಷಣ ಪಿಚಕಾರಿಯಂತೆ ಎಣ್ಣೆ ಹಾರುತ್ತದೆ. ಇದು ಫಿಲ್ಟರ್ ಸ್ಥಳಾಂತರಿಸದ ಗಾಡಿಗಳಲ್ಲಿಯೂ ಆಗುವುದೇ; ಕಣ್ಣಿಗೆ ಕಾಣದ ಮೂಲೆಯಲ್ಲಿ ಹೆಚ್ಚು ಆಗುತ್ತದೆ.

ಅರ್ಧ ಇಂಚು ಒಳವ್ಯಾಸದ ಒಂದೊಂದು ಮೀಟರಿನ ಎರಡು ಹೋಸುಗಳಲ್ಲಿ ಸುಮಾರು ಕಾಲು ಲೀಟರ್ ಎಣ್ಣೆ ಹಿಡಿಯುತ್ತದೆ. ಆದ್ದರಿಂದ ಕೆಲಸ ಮುಗಿಸಿ ಒಂದೆರಡು ನಿಮಿಷ ಎಂಜಿನ್ ಓಡಿಸಿ, ನಿಲ್ಲಿಸಿ, ಎಣ್ಣೆ ಇಳಿದ ಮೇಲೆ ಕಡ್ಡಿ ನೋಡಿ ಕಡಿಮೆಯಾದಷ್ಟನ್ನು ತುಂಬಿಸಬೇಕು. ಡಬ್ಬಿಯ ಬದಲು ಪ್ಲಾಸ್ಟಿಕ್ ಬಟ್ಟಲಿನೊಳಗೆ ಕಾಗದದ ಫಿಲ್ಟರ್ ಇಡುವ ಎಂಜಿನ್ನುಗಳಿಗೂ, ಫಿಲ್ಟರಿನ ಬುಡದಲ್ಲಿಯೇ ಆಯಿಲ್ ಕೂಲರ್ ಇರುವ ಎಂಜಿನ್ನುಗಳಿಗೂ ಈ ಸರಳ ತಟ್ಟೆ ಹೊಂದುವುದಿಲ್ಲ.

ಕಾನೂನಿನ ಪ್ರಶ್ನೆಯನ್ನು ಹಲವರು ಎತ್ತುತ್ತಾರೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು, ನೋಂದಣಿ ಪ್ರಮಾಣಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಿಗದಿಪಡಿಸಿದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸಕೂಡದು ಎನ್ನುತ್ತದೆ. ಆಯಿಲ್ ಫಿಲ್ಟರ್ ಎಲ್ಲಿದೆ ಎಂಬುದು ಆರ್.ಸಿ.ಯಲ್ಲಿ ದಾಖಲಾಗುವ ವಿವರವಲ್ಲ. ಆದರೆ ವಾರಂಟಿಯ ಮಾತು ಬೇರೆ. ಹೊಸ ಗಾಡಿಯ ಎಂಜಿನ್ನಿಗೆ ಹೀಗೆ ಕೈ ಹಾಕಿದರೆ ಮುಂದೆ ಏನಾದರೂ ಕೆಟ್ಟಾಗ ಕಂಪನಿಯವರು ಅದನ್ನೇ ನೆಪ ಮಾಡಿಕೊಳ್ಳಲು ನಾವೇ ದಾರಿ ಮಾಡಿಕೊಟ್ಟಂತಾಗುತ್ತದೆ.

ಫಿಲ್ಟರ್ ಕೈಗೆ ಎಟುಕುವ ಗಾಡಿಯವರು ಈ ಕೆಲಸಕ್ಕೆ ಹೋಗಲೇಬಾರದು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಒಂದು ಜೋಡಣೆ ಇದ್ದ ಕಡೆ ಆರು ಜೋಡಣೆ ಮಾಡುತ್ತೇವೆ, ಪ್ರತಿಯೊಂದೂ ಸೋರಬಲ್ಲದು. ಅಂಥವರಿಗೆ ಖರ್ಚಿಲ್ಲದ ಉಪಾಯವೊಂದಿದೆ. ರಸಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ಕನ್ನು ತೊಳೆದು ಒಣಗಿಸಿ ಇಟ್ಟುಕೊಂಡು, ಫಿಲ್ಟರನ್ನು ಅರ್ಧ ಸುತ್ತು ಸಡಿಲಿಸಿದ ಮೇಲೆ ಅದರ ಮೇಲೆ ತೊಡಿಸಿ, ಚೀಲದೊಳಗೇ ಉಳಿದ ಸುತ್ತು ತಿರುಗಿಸಿದರೆ ಡಬ್ಬಿಯೂ ಎಣ್ಣೆಯೂ ಒಟ್ಟಿಗೆ ಚೀಲಕ್ಕೆ ಬೀಳುತ್ತವೆ. ಗಾಡಿಯ ಎಂಜಿನ್ ತಣಿದಿರಬೇಕು ಅಷ್ಟೆ, ಬಿಸಿ ಡಬ್ಬಿಗೆ ಪ್ಲಾಸ್ಟಿಕ್ ಕರಗಿ ಅಂಟುತ್ತದೆ.

ಹೀಗೆ ಚೆಲ್ಲದೆ ಹಿಡಿದ ಎಣ್ಣೆಯನ್ನು ಎಲ್ಲಿಗೆ ಒಯ್ಯಬೇಕು ಎಂಬುದೇ ಈಗ ನನ್ನ ಮುಂದಿರುವ ತೊಡಕು, ಮತ್ತು ಈ ಪತ್ರ ಬರೆಯಲು ಮುಖ್ಯ ಕಾರಣ. 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ ಬಳಸಿದ ಎಂಜಿನ್ ಎಣ್ಣೆ ಅಪಾಯಕಾರಿ ತ್ಯಾಜ್ಯ. ಅದನ್ನು ನೆಲಕ್ಕೆ, ಚರಂಡಿಗೆ ಸುರಿಯುವಂತಿಲ್ಲ, ಅಧಿಕೃತ ಮರುಬಳಕೆದಾರರಿಗೆ ತಲುಪಿಸಬೇಕು. ಆ ನಿಯಮಗಳಿಗೆ 2023ರಲ್ಲಿ ಆದ ತಿದ್ದುಪಡಿಯಂತೆ ಎಣ್ಣೆ ತಯಾರಕರೇ ಬಳಸಿದ ಎಣ್ಣೆಯ ಮರುಬಳಕೆಗೂ ಹೊಣೆಗಾರರು, ಇದು 2024ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆದರೆ ನಮ್ಮ ಊರಿನಲ್ಲಿ ನಾನು ಕಂಡಂತೆ ಆ ಎಣ್ಣೆ ಸೆಂಟ್ರಿಂಗ್ ಹಲಗೆಗೆ, ಬಾಗಿಲ ಚೌಕಟ್ಟಿನ ಗೆದ್ದಲಿಗೆ, ಬಂಡಿಯ ಅಚ್ಚಿಗೆ ಸಲ್ಲುತ್ತದೆ, ಉಳಿದದ್ದು ಗ್ಯಾರೇಜಿನ ಹಿಂದಿನ ಗುಂಡಿಗೆ. ಇನ್ನು ಮನೆಯಲ್ಲೇ ಎಣ್ಣೆ ಬದಲಿಸುವ ಚಾಲಕರು ಗಾಡಿಯನ್ನು ಕಾಲುವೆಯ ದಂಡೆಯ ಇಳಿಜಾರಿಗೆ ಹತ್ತಿಸಿ, ಅಲ್ಲಿಯೇ ಬೋಲ್ಟ್ ಬಿಚ್ಚಿ, ಅಲ್ಲಿಯೇ ಗಾಡಿ ತೊಳೆದುಕೊಂಡು ಬರುವುದನ್ನು ಯಾರು ಬೇಕಾದರೂ ನೋಡಬಹುದು. ಜಾಕ್ ಏರಿಸುವ ಕಷ್ಟ ತಪ್ಪುತ್ತದೆ ಎಂಬುದೇ ಅದಕ್ಕೆ ಕಾರಣ. ತುಂಗಭದ್ರಾ ಎಡದಂಡೆ ಕಾಲುವೆ ನಮ್ಮನ್ನು ದಾಟಿ ಸಿಂಧನೂರು, ಮಾನ್ವಿ ಕಡೆಗೆ ಹೋಗುತ್ತದೆ. ಅಲ್ಲಿ ಎಷ್ಟೋ ಊರುಗಳ ಕುಡಿಯುವ ನೀರಿನ ಕೆರೆಗಳು ತುಂಬುವುದು ಇದೇ ನೀರಿನಿಂದ.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ವಿನಂತಿ ಇಷ್ಟೆ. ತಾಲ್ಲೂಕಿಗೆ ಒಂದರಂತೆ, ಲಾರಿ ಹಾಗೂ ಪಿಕಪ್ ಸ್ಟ್ಯಾಂಡ್ ಇರುವ ಜಾಗದಲ್ಲಿ, ಕೆಳಗಿಳಿದು ನಿಂತು ಕೆಲಸ ಮಾಡಬಹುದಾದ ಸಿಮೆಂಟಿನ ಗುಂಡಿಯೊಂದನ್ನೂ, ಅದರ ಪಕ್ಕದಲ್ಲಿ ಬಳಸಿದ ಎಣ್ಣೆಗೆ ಮುಚ್ಚಳವಿರುವ ಒಂದು ಬ್ಯಾರಲ್ಲನ್ನೂ, ಹಳೆಯ ಫಿಲ್ಟರುಗಳನ್ನು ಕವುಚಿ ಇಟ್ಟು ಎಣ್ಣೆ ಬಸಿಯಲು ಜಾಲರಿ ಹೊದಿಸಿದ ಮತ್ತೊಂದನ್ನೂ ಪುರಸಭೆಗಳು ಇಡಿಸಲಿ. ಆ ಬ್ಯಾರಲ್ ತುಂಬಿದಾಗ ಒಯ್ಯುವವರು ಯಾರೆಂಬುದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ನಮ್ಮ ಭಾಗದ ಕಚೇರಿಗಳು ಗ್ಯಾರೇಜುಗಳಿಗೆ ಕನ್ನಡದಲ್ಲಿ ಬರೆದು ತಿಳಿಸಲಿ. ಐಟಿಐಗಳಲ್ಲಿ ಡೀಸೆಲ್ ಮೆಕ್ಯಾನಿಕ್ ಕಲಿಯುವ ಹುಡುಗರಿಗೆ ಫಿಲ್ಟರಿನ ಹೊಟ್ಟೆಗೆ ಸ್ಕ್ರೂಡ್ರೈವರ್ ಹೊಡೆಯದೆ ಬಿಚ್ಚುವುದನ್ನೂ, ಹೋಸಿನ ಮೇಲೆ ಅಚ್ಚಾದ ಉಷ್ಣತೆಯ ಅಂಕಿ ಓದುವುದನ್ನೂ ಕಲಿಸಲಿ. ಹೊಸ ಪಿಕಪ್ ಕೊಳ್ಳಲು ಶೋರೂಮಿಗೆ ಹೋಗುವ ನನ್ನಂಥ ಚಾಲಕರು ಮೈಲೇಜು, ಕಂತು ಕೇಳುವ ಮೊದಲು ಒಮ್ಮೆ ಬಗ್ಗಿ ಗಾಡಿಯ ಕೆಳಗೆ ನೋಡಿ, ಆಯಿಲ್ ಫಿಲ್ಟರ್ ಎಲ್ಲಿದೆ ತೋರಿಸಿ ಎಂದು ಕೇಳಲಿ.

ಇಂತಿ,
ಪಿಕಪ್ ವಾಹನದ ಮಾಲೀಕ ಮತ್ತು ಚಾಲಕ,
ಕಾರಟಗಿ, ಕೊಪ್ಪಳ ಜಿಲ್ಲೆ